ಕರುಳಿನ ಗಂಟು ನುಡಿಯುವ ಭವಿಷ್ಯ

ಶಿರಸಿ ತಾಲ್ಲೂಕಿನ ಪೂರ್ವದ ಮಗ್ಗುಲಿನಲ್ಲಿ, ಮಲೆನಾಡಿನ ಕಾಡು ತೆಳುವಾಗುತ್ತ ಬಂದು ಗದ್ದೆಬಯಲು ತೆರೆದುಕೊಳ್ಳುವೆಡೆಯಲ್ಲಿ ದಾಸನಕೊಪ್ಪವಿದೆ. ಆ ಊರಿನ ಐವತ್ತೈದು ವರ್ಷದ ಬೇಸಾಯಗಾರನೊಬ್ಬನನ್ನು ಓದುಗರು ಊಹಿಸಿಕೊಳ್ಳಲಿ. ಮಲದಲ್ಲಿ ರಕ್ತ ಕಂಡಿತು. ಮೂಲವ್ಯಾಧಿಯಿರಬೇಕೆಂದು ಆತನು ಆರು ತಿಂಗಳು ಮನೆಮದ್ದಿನಲ್ಲಿ ಕಳೆದನು. ಕಡೆಗೆ ಮಗನ ಒತ್ತಾಯಕ್ಕೆ ಮಣಿದು ಹುಬ್ಬಳ್ಳಿಗೆ ಹೋದಾಗ ಅದು ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಕ್ರಿಯೆಯೂ ನಡೆಯಿತು. ಗಂಟು ಕರುಳಿನ ಗೋಡೆಯಲ್ಲಿ ಆಳಕ್ಕಿಳಿದಿತ್ತು. ಆದರೆ ಪಕ್ಕದ ದುಗ್ಧಗ್ರಂಥಿಗಳಿಗೆ ಹಬ್ಬಿರಲಿಲ್ಲ. ವೈದ್ಯರು ಇದನ್ನು ಎರಡನೆಯ ಹಂತವೆನ್ನುವರು.

“ಗಂಟನ್ನು ತೆಗೆದದ್ದಾಯಿತು. ಮತ್ತೆ ಬರುವುದಿಲ್ಲವಷ್ಟೆ?” ಎಂದು ಮನೆಯಾಕೆ ಕೇಳುತ್ತಾಳೆ.

ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. ಈ ಹಂತದಲ್ಲಿ ಹೆಚ್ಚಿನವರು ಶಸ್ತ್ರಕ್ರಿಯೆಯೊಂದರಿಂದಲೇ ಗುಣಹೊಂದುತ್ತಾರೆ. ಕೆಲವರಲ್ಲಿ ಮಾತ್ರ ರೋಗ ಮರುಕಳಿಸುತ್ತದೆ. ಎಲ್ಲರಿಗೂ ಉಗ್ರವಾದ ಔಷಧಿಯನ್ನು ಕೊಟ್ಟರೆ ಬೇಡದವರಿಗೆ ವೃಥಾ ಸಂಕಟ. ಯಾರಿಗೂ ಕೊಡದಿದ್ದರೆ ಬೇಕಾದವರಿಗೆ ಅಪಾಯ. ಹಾಗಾದರೆ ಇವರನ್ನು ಬೇರ್ಪಡಿಸುವುದೆಂತು?

ಪ್ರಸಂಗ ಒಂದೇ, ಪದ ಬೇರೆ

ಯಕ್ಷಗಾನದ ಭಾಗವತರ ಮುಂದೆ ಇಡೀ ಪ್ರಸಂಗದ ಪುಸ್ತಕವಿರುತ್ತದೆ. ಆದರೆ ರಂಗದಲ್ಲಿ ಒಂದು ಗಳಿಗೆಗೆ ಕೇಳಿಸುವುದು ಅವರು ಆಗ ಹಾಡುವ ಪದವೊಂದೇ. ದೇಹದ ಪ್ರತಿಯೊಂದು ಜೀವಕೋಶದ ರೀತಿಯೂ ಬಹುಮಟ್ಟಿಗೆ ಹೀಗೆಯೇ. ಕರುಳಿನ ಕೋಶದಲ್ಲಿಯೂ ಕಣ್ಣಿನ ಕೋಶದಲ್ಲಿಯೂ ಇರುವ ವಂಶವಾಹಿಗಳು ಅವೇ. ಎಚ್ಚತ್ತು ದುಡಿಯುವವು ಮಾತ್ರ ಬೇರೆ ಬೇರೆ. ದುಡಿಯುವ ವಂಶವಾಹಿಯು ಆರ್‌ಎನ್‌ಎ ಎಂಬ ಸಂದೇಶವನ್ನು ಹೊರಡಿಸುತ್ತದೆ. ಈ ದೂತನ ಇರವು ಸಿದ್ಧವಾದದ್ದು 1961ರಲ್ಲಿ. ಸಂದೇಶಗಳ ಪ್ರಮಾಣವನ್ನು ಅಳೆದರೆ ಯಾವ ವಂಶವಾಹಿ ಎಷ್ಟು ದುಡಿಯುತ್ತಿದೆಯೆಂಬುದು ತಿಳಿಯುತ್ತದೆ.

ಕ್ಯಾನ್ಸರ್ ಕೋಶಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಾಡುವ ಪದಗಳುಂಟು. 1965ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು ಕರುಳಿನ ಗಂಟಿನಲ್ಲಿ ಒಂದು ವಸ್ತುವನ್ನು ಕಂಡರು. ಅದು ಗರ್ಭದ ಶಿಶುವಿನ ಕರುಳಿನಲ್ಲಿಯೂ ಹೇರಳವಾಗಿತ್ತು. ‘ಸಿಇಎ’ ಎಂಬ ಈ ವಸ್ತುವು ಶಸ್ತ್ರಕ್ರಿಯೆಯ ಬಳಿಕ ರಕ್ತದಲ್ಲಿ ಏರುತ್ತ ಹೋದರೆ, ರೋಗ ಮರಳಿರಬಹುದೆಂದು ವೈದ್ಯರು ಇಂದಿಗೂ ಎಚ್ಚರಗೊಳ್ಳುತ್ತಾರೆ.

ಹನ್ನೆರಡು ಸಾಕ್ಷಿಗಳು

ಅನಂತರದ ವಿಜ್ಞಾನಿಗಳು ಒಂದೇ ಸಾಕ್ಷಿಗೆ ತೃಪ್ತರಾಗಲಿಲ್ಲ. ಹನ್ನೆರಡು ವಂಶವಾಹಿಗಳ ದುಡಿಮೆಯನ್ನಳೆದು ಅಂಕ ಕೊಡುವ ಪರೀಕ್ಷೆಯೊಂದು ಬಂದಿತು. ಅವುಗಳಲ್ಲಿ ಏಳು ರೋಗಕ್ಕೆ ಸಂಬಂಧಿಸಿದವು. ಐದು ಹೋಲಿಕೆಗಾಗಿ ಇಟ್ಟವು. ಎರಡನೆಯ ಹಂತದ ರೋಗಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷಗಳೊಳಗೆ ರೋಗ ಮರುಕಳಿಸಿದವರು ಕಡಿಮೆ ಅಂಕದವರಲ್ಲಿ ನೂರಕ್ಕೆ 12, ನಡುವಿನವರಲ್ಲಿ 18, ಹೆಚ್ಚಿನ ಅಂಕದವರಲ್ಲಿ 22.

ಅಂತರವೇನೋ ನಿಜ. ಆದರೆ ‘ಅಪಾಯ ಹೆಚ್ಚು’ ಎನಿಸಿಕೊಂಡ ನೂರು ಮಂದಿಯಲ್ಲಿಯೂ 78 ಮಂದಿ ಆ ಮೂರು ವರ್ಷಗಳನ್ನು ರೋಗವಿಲ್ಲದೆ ದಾಟಿದರೆಂಬುದನ್ನು ಮರೆಯಲಾಗದು. ಮೇಲಾಗಿ, ಔಷಧಿಯಿಂದ ಯಾರಿಗೆ ಪ್ರಯೋಜನವಾದೀತೆಂಬುದನ್ನು ಆ ಅಂಕವು ತೋರಿಸಲಿಲ್ಲ. ಮುಂದಾಗುವುದನ್ನು ಸೂಚಿಸುವುದೇ ಬೇರೆ, ಮಾಡಬೇಕಾದುದನ್ನು ತಿಳಿಸುವುದೇ ಬೇರೆ.

ಎರಡನ್ನೂ ಒಂದಷ್ಟು ತಿಳಿಸುವ ಸರಳವಾದ ಪರೀಕ್ಷೆಯೊಂದುಂಟು. ವಂಶವಾಹಿಗಳ ನಕಲಿನಲ್ಲಾಗುವ ತಪ್ಪನ್ನು ತಿದ್ದುವ ನಾಲ್ಕು ಪ್ರೋಟೀನುಗಳನ್ನು, ತೆಗೆದ ಗಂಟಿನ ತೆಳುವಾದ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎರಡನೆಯ ಹಂತದಲ್ಲಿ ಇವು ಕಾಣೆಯಾಗಿದ್ದರೆ ಅದು ಸಾಮಾನ್ಯವಾಗಿ ಶುಭಸೂಚನೆ. ರೋಗ ಮರುಕಳಿಸುವ ಸಂಭವ ಕಡಿಮೆ. ಅಂಥವರಿಗೆ ಫ್ಲೋರೋಯುರಾಸಿಲ್ ಔಷಧವೊಂದನ್ನೇ ಕೊಡುವುದರಿಂದ ಪ್ರಯೋಜನ ಕಂಡುಬಂದಿಲ್ಲ.

ಆದರೆ ಅದೇ ಫಲಿತಾಂಶಕ್ಕೆ ಇನ್ನೊಂದು ಮುಖವಿದೆ. ಈ ದೋಷವು ಕೆಲವರಲ್ಲಿ ವಂಶದಿಂದಲೇ ಬಂದಿರುತ್ತದೆ. ಅದನ್ನು ಅಮೆರಿಕದ ವೈದ್ಯ ಹೆನ್ರಿ ಲಿಂಚ್‌ನ ಹೆಸರಿನಿಂದ ಕರೆಯುತ್ತಾರೆ. ಹಾಗಿದ್ದಲ್ಲಿ ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಅಗತ್ಯ. ದೋಷವನ್ನು ಪಡೆದವರು ನಿಯತವಾಗಿ ಕರುಳನ್ನು ಒಳದರ್ಶಕದಿಂದ ನೋಡಿಸಿಕೊಂಡರೆ ಗಂಟು ಬಲಿಯುವ ಮೊದಲೇ ಸಿಕ್ಕಬಹುದು. ಮನೆಯಾಕೆ ಗಂಡನಿಗಾಗಿ ಕೇಳಿದ ಪ್ರಶ್ನೆಯ ಉತ್ತರ, ಅವನನ್ನು ಹುಬ್ಬಳ್ಳಿಗೆ ಕರೆದೊಯ್ದ ಮಗನಿಗೂ ಸಂಬಂಧಿಸಿರಬಹುದು.

ನಮ್ಮ ನಾಡಿನಲ್ಲಿ

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ 1982ರಲ್ಲಿ ತೊಡಗಿತು. ರೋಗ ಎಷ್ಟು ಜನರಿಗೆ ಬರುತ್ತದೆಂದು ನೋಂದಣಿಯು ಹೇಳುತ್ತದೆ. ಬಂದವನ ಮುಂದಿನ ದಾರಿಯನ್ನು ಹೇಳಬೇಕಾದುದು ವಂಶವಾಹಿಗಳ ಸಾಕ್ಷ್ಯ. ಪರದೇಶದ ರೋಗಿಗಳಲ್ಲಿ ಸರಿಯೆನಿಸಿದ ಸಾಕ್ಷ್ಯವನ್ನು ನಮ್ಮವರಲ್ಲಿಯೂ ಒರೆಗೆ ಹಚ್ಚಿ ನೋಡಿಯೇ ನಂಬಬೇಕು.

ಇಷ್ಟಾದರೂ, ರೋಗವು ಯಾವ ಹಂತದಲ್ಲಿ ಸಿಕ್ಕಿತೆಂಬುದೇ ಇಂದಿಗೂ ಎಲ್ಲಕ್ಕಿಂತ ದೊಡ್ಡ ಸೂಚಕ. ದಾಸನಕೊಪ್ಪದ ಆ ಬೇಸಾಯಗಾರನ ಗಂಟು ಗ್ರಂಥಿಗಳಿಗೆ ಹಬ್ಬದಿದ್ದುದು ಅವನ ಪುಣ್ಯ. ಮನೆಮದ್ದಿನ ಆರು ತಿಂಗಳು ಆ ಪುಣ್ಯವನ್ನು ಕಳೆದುಬಿಡಬಹುದಾಗಿತ್ತು. ಮಲದಲ್ಲಿ ರಕ್ತ ಕಂಡವರು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ, ನಾಚಿಕೆಯನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗುವುದು ಲೇಸು.