ರುಮಟಾಯ್ಡ್ ಸಂಧಿವಾತ ಮತ್ತು ಉದ್ಯೋಗ

ರುಮಟಾಯ್ಡ್ ಸಂಧಿವಾತವು ದೇಹದ ರೋಗನಿರೋಧಕ ವ್ಯವಸ್ಥೆಯು ಕೀಲುಗಳ ಒಳಪೊರೆಯ ಮೇಲೆಯೇ ದಾಳಿ ಮಾಡುವುದರಿಂದ ಉಂಟಾಗುವ ದೀರ್ಘಕಾಲದ ಕಾಯಿಲೆಯಾಗಿದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಕಂಡುಬರುತ್ತದೆ. ಮುಪ್ಪಿನಲ್ಲಿ ಬರುವ ಕೀಲುಸವೆತಕ್ಕಿಂತ ಭಿನ್ನವಾಗಿ, ಇದು ಹೆಚ್ಚಾಗಿ 30ರಿಂದ 60 ವರ್ಷಗಳ ನಡುವೆ, ಅಂದರೆ ದುಡಿಯುವ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ. ಆದ್ದರಿಂದ ಉದ್ಯೋಗವನ್ನು ಉಳಿಸಿಕೊಳ್ಳುವುದು ರೋಗನಿರ್ವಹಣೆಯ ಒಂದು ಮುಖ್ಯ ಭಾಗವಾಗಿದೆ.

ಕೆಲಸದ ಮೇಲಿನ ಪರಿಣಾಮಗಳು

ಎದ್ದ ಮೇಲೆ ಕೀಲುಗಳ ಬಿಗಿತವು ಅನೇಕರಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಇರುತ್ತದೆ. ಇದರಿಂದ ಬೆಳಗಿನ ಪಾಳಿಯ ಕೆಲಸ ಕಷ್ಟವಾಗುತ್ತದೆ. ಬೆರಳು ಮತ್ತು ಮಣಿಕಟ್ಟುಗಳ ಊತವು ಬೆರಳಚ್ಚು, ಹೊಲಿಗೆ, ಬೀಡಿ ಸುತ್ತುವುದು, ಕಪ್ಪುಹಲಗೆಯ ಬರವಣಿಗೆ ಮೊದಲಾದ ಕೆಲಸಗಳಿಗೆ ಅಡ್ಡಿಯಾಗುತ್ತದೆ. ನೋವಿನ ಜೊತೆಗೆ ತೀವ್ರ ಆಯಾಸವೂ ಇರುತ್ತದೆ. ರೋಗವು ಏರಿಳಿಯುವ ಸ್ವಭಾವದ್ದಾಗಿದ್ದು, ನಿನ್ನೆ ಮಾಡಿದ ಕೆಲಸವನ್ನು ಇಂದು ಮಾಡಲಾಗದಿರಬಹುದು. ಹೊರನೋಟಕ್ಕೆ ಇದು ಕಾಣದಿರುವುದರಿಂದ ಸಹೋದ್ಯೋಗಿಗಳು ಸೋಮಾರಿತನವೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ.

ಚಿಕಿತ್ಸೆ

ಶಾಶ್ವತ ಗುಣಪಡಿಸುವಿಕೆ ಇಲ್ಲವಾದರೂ, ಬೇಗನೆ ಚಿಕಿತ್ಸೆ ಆರಂಭಿಸಿದಲ್ಲಿ ಕೀಲುಗಳ ಹಾನಿಯನ್ನು ತಡೆಯಬಹುದು ಅಥವಾ ನಿಧಾನಗೊಳಿಸಬಹುದು. ಸಾಮಾನ್ಯವಾಗಿ ಮೊದಲು ನೀಡುವ ಔಷಧ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಪ್ರತಿದಿನ ಸೇವಿಸಿದರೆ ಪ್ರಾಣಾಪಾಯವಿದೆ. ಪರಿಣಾಮ ಕಾಣಲು ಹಲವು ವಾರಗಳು ಬೇಕಾಗುತ್ತವೆ. ಕೆಲವರಿಗೆ ಮರುದಿನ ವಾಕರಿಕೆ, ಸುಸ್ತು ಉಂಟಾಗುವುದರಿಂದ, ವೈದ್ಯರ ಸಲಹೆಯಂತೆ ರಜೆಯ ಹಿಂದಿನ ದಿನವನ್ನು ಇದಕ್ಕಾಗಿ ಆಯ್ದುಕೊಳ್ಳುವುದುಂಟು.

ಕೆಲಸದಲ್ಲಿ ಹೊಂದಾಣಿಕೆ

ಕೆಲಸದ ಆರಂಭದ ಸಮಯವನ್ನು ಮುಂದೂಡುವುದು, ನಡುನಡುವೆ ಕಿರು ವಿರಾಮ, ಕುಳಿತು ಮತ್ತು ನಿಂತು ಮಾಡುವ ಕೆಲಸಗಳನ್ನು ಬದಲಿಸುತ್ತಿರುವುದು, ದಪ್ಪ ಹಿಡಿಯ ಉಪಕರಣಗಳು ಹಾಗೂ ಧ್ವನಿಯಿಂದ ಬರಹ ಮೂಡಿಸುವ ತಂತ್ರಾಂಶಗಳು ನೆರವಾಗುತ್ತವೆ. ಫ್ರೆಂಚ್ ಚಿತ್ರಕಾರ ರೆನ್ವಾರ್, ಬೆರಳುಗಳು ಮಡಚಿಹೋದ ಮೇಲೂ ಇತರರ ಸಹಾಯದಿಂದ ಕುಂಚವನ್ನು ಕೈಗೆ ಸಿಕ್ಕಿಸಿಕೊಂಡು 1919ರಲ್ಲಿ ನಿಧನರಾಗುವವರೆಗೂ ಚಿತ್ರಗಳನ್ನು ರಚಿಸಿದರು.

ಭಾರತದಲ್ಲಿ ಕಾನೂನು

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರಲ್ಲಿ ಸಂಧಿವಾತವನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಆದರೆ ಅದರಿಂದ ಉಂಟಾದ ಶಾಶ್ವತ ಚಲನ ವೈಕಲ್ಯವನ್ನು ಪ್ರಮಾಣೀಕರಿಸಬಹುದು. ಸೇವೆಯಲ್ಲಿರುವಾಗ ಅಂಗವಿಕಲರಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ವಜಾಗೊಳಿಸುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ ಎಂದು ಇದರ 20ನೆಯ ಪ್ರಕರಣ ಹೇಳುತ್ತದೆ. ಹಳೆಯ ಹುದ್ದೆಗೆ ಸೂಕ್ತರಲ್ಲದಿದ್ದಲ್ಲಿ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಅವರನ್ನು ವರ್ಗಾಯಿಸಬೇಕು. ಈ ನಿಯಮವು ಸರ್ಕಾರಿ ಸಂಸ್ಥೆಗಳನ್ನು ಕುರಿತದ್ದಾಗಿದೆ. ಆದ್ದರಿಂದ ಖಾಸಗಿ ವಲಯದ ನೌಕರರು ಮತ್ತು ದಿನಗೂಲಿ ಕಾರ್ಮಿಕರ ವಿಷಯದಲ್ಲಿ ಹೊಂದಾಣಿಕೆಯು ಬಹುಮಟ್ಟಿಗೆ ಮಾಲೀಕರ ಸಹಕಾರವನ್ನೇ ಅವಲಂಬಿಸಿದೆ.