ಅಮ್ಮನ ಸರ, ಅಪ್ಪಾಜಿಯ ಬೋರು ಮತ್ತು ಲಾವೋತ್ಸೆ

ಹೋದ ವಾರ ಹೊಳಲ್ಕೆರೆಗೆ, ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅಪ್ಪಾಜಿ ಮೆಲ್ಲಗೆ ಅಂದ್ರು: "ಅಮ್ಮನ ಸರ ಬ್ಯಾಂಕಲ್ಲಿಟ್ಟು ಇನ್ನೊಂದು ಬೋರ್ ಕೊರೆಸಾಣ ಕಣಮ್ಮ. ಆ ಎರಡು ಎಕರೆನೂ ಅಡಿಕೆ ಮಾಡಿಬಿಡಾಣ. ಎಲ್ಲಾರೂ ಮಾಡ್ತಾವ್ರೆ." ನಾನು ಬಿಕಾಂ ಓದಿದವಳು, ಲೆಕ್ಕ ಕೇಳಬೇಕಿತ್ತು. ಸುಮ್ಮನೆ ಮುದ್ದೆ ಮುರೀತಾ ಕೂತೆ.

ಆಮೇಲೆ ನೆನಪಾಗಿದ್ದು ಲಾವೋತ್ಸೆ. ಚೀನಾದ ಹಳೇ ಜ್ಞಾನಿ. 81 ಪುಟ್ಟ ಅಧ್ಯಾಯಗಳ 'ದಾವ್ ದ ಜಿಂಗ್' ಅವನ ಹೆಸರಲ್ಲಿದೆ, ಯು.ಆರ್. ಅನಂತಮೂರ್ತಿ ಅದನ್ನ ಕನ್ನಡಕ್ಕೆ ತಂದಿದ್ದಾರೆ. ಅದರಲ್ಲಿ 'ವೂ ವೇ' ಅನ್ನೋ ವಿಚಾರ ಬರುತ್ತೆ. ಏನೂ ಮಾಡದೇ ಇರೋದು ಅಂತ ಅರ್ಥ ಹೇಳ್ತಾರೆ, ಸೋಮಾರಿಗಳಿಗೆ ಬಹಳ ಇಷ್ಟವಾಗೋ ಅರ್ಥ! ನಾನು ತಿಳ್ಕೊಂಡಿರೋದು ಇಷ್ಟು: ಯಾವುದನ್ನೂ ಅದರ ಸ್ವಭಾವದ ವಿರುದ್ಧ ಬಲವಂತವಾಗಿ ಎಳೆಯಬಾರದು.

ಇದನ್ನ ಕಣ್ಣಾರೆ ನೋಡಬೇಕಾ? ದುರ್ಗದ ಕೋಟೆಗೆ ಹೋಗಿ. ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಪಂಪಿಲ್ಲ, ಕರೆಂಟಿಲ್ಲ. ಕಟ್ಟಿದವರೇನೂ ಕೈಕಟ್ಟಿ ಕೂತಿರಲಿಲ್ಲ, ಬೆವರು ಸುರಿಸಿದ್ದಾರೆ. ನೀರು ಹೋಗೋ ದಾರಿ ನೋಡ್ಕೊಂಡು ಸುರಿಸಿದ್ದಾರೆ, ಅಷ್ಟೇ.

ಇನ್ನೊಂದು ವಿಷಯ. ಮಳೆ ಬರೋ ಹೊತ್ತಿಗೆ ಹೊಂಡದಲ್ಲಿ ಜಾಗ ಇರಬೇಕು. ಮಡಕೆ ಕೆಲಸಕ್ಕೆ ಬರೋದೇ ಒಳಗಿನ ಖಾಲಿ ಜಾಗದಿಂದ ಅಂತ ಲಾವೋತ್ಸೆಯೂ ಹೇಳ್ತಾನೆ. ಕಾಮರ್ಸ್ ಭಾಷೇಲಿ ಹೇಳೋದಾದ್ರೆ, ಬಂದ ದುಡ್ಡೆಲ್ಲ ಮೊದಲೇ ಕಂತಿಗೆ ಮಾತಾಗಿದ್ರೆ ಒಂದು ಆಸ್ಪತ್ರೆ ಬಿಲ್ಲಿಗೂ ನಮ್ಮ ಹತ್ರ ಜಾಗ ಇರಲ್ಲ.

ನಮ್ಮ ಸೀಮೆಯ ಮಳೆ ಎಂಥದ್ದು ಗೊತ್ತಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ! ಅದಕ್ಕೆ ಐದಾರು ವರ್ಷ ಮುಂಚೆ ಬರ ಬಂದಾಗ ಹಿರಿಯೂರು, ಹೊಸದುರ್ಗದ ಕಡೆ ತೆಂಗು ಒಣಗಿದವು, ನಮ್ಮ ಕಡೆ ಅಡಿಕೆ ಉಳಿಸೋಕೆ ಟ್ಯಾಂಕರ್ ನೀರು ಹೊಡೆಸಿದ್ರು. ಕೋಡಿ ಬಿದ್ದ ಖುಷೀಲಿ ಸಸಿ ಇಟ್ರೆ ಫಸಲು ಕೈಗೆ ಬರೋಕೆ ಐದಾರು ವರ್ಷ ಬೇಕು. ಬಡ್ಡಿ ಮಾತ್ರ ಮೊದಲ ತಿಂಗಳಿಂದಲೇ ಓಡುತ್ತೆ. ಬೋರಲ್ಲಿ ನೀರೇ ಬೀಳದಿದ್ರೂ ಓಡುತ್ತೆ.

ಒಂದು ಮಾತು ಹೇಳಿಬಿಡ್ತೀನಿ. ಈರುಳ್ಳಿ ರೇಟ್ ಬಿದ್ದು ಹೊಲದಲ್ಲೇ ಬಿಟ್ಟವರ ಮುಂದೆ ಲಾವೋತ್ಸೆ ಪಾಠ ಮಾಡಬೇಡಿ. ಅವರಿಗೆ ಬೇಕಾಗಿರೋದು ನ್ಯಾಯವಾದ ಬೆಲೆ, ದಾಸ್ತಾನು ಮಾಡೋಕೆ ಜಾಗ. ಈ ತತ್ವ ಏನಿದ್ರೂ ನಮ್ಮ ಕೈಯಲ್ಲಿರೋ ನಿರ್ಧಾರಕ್ಕೆ.

ಭಾನುವಾರ ಫೋನ್ ಮಾಡಿ, ಲೆಕ್ಕ ಬರೆದಿಟ್ಕೊಂಡೇ ಮಾತಾಡಿದೆ. ಅರ್ಧ ಎಕರೆ ಮಾತ್ರ ಅಡಿಕೆ ಇಡಾಣ, ಅದೂ ಇರೋ ಬೋರಿನ ನೀರಲ್ಲೇ. ಉಳಿದಿದ್ದು ರಾಗಿ, ಅವರೆ. ತಗ್ಗಲ್ಲಿ ಒಂದು ಕೃಷಿ ಹೊಂಡ ತೆಗೆಸಾಣ ಅಂದೆ. ಲಾವೋತ್ಸೆ ಕಥೆನೂ ಹೇಳಿದೆ, ಹೇಳಬಾರದಿತ್ತೇನೋ.

"ಆ ಚೀನಾದೋನು ಯಾವತ್ತಾದ್ರೂ ತೋಟ ಮಾಡಿದ್ನಾ?" ಅಂತ ಕೇಳಿದ್ರು.

ಸರ ಸದ್ಯಕ್ಕೆ ಬೀರುವಿನಲ್ಲೇ ಇದೆ. ಮುಂಗಾರು ನೋಡ್ಕೊಂಡು ಹೇಳ್ತಾರಂತೆ.