ಸಮಜಾಯಿಷಿಗೂ ಮುಂಚಿನ ಮಾತು

2025ರ ಆಗಸ್ಟ್ 19ರಂದು ಮಳೆನೀರು ಹಳಿಗಳನ್ನು ಮುಳುಗಿಸಿ ಮುಂಬಯಿಯ ಹಾರ್ಬರ್ ಮಾರ್ಗದ ಲೋಕಲ್ ರೈಲುಗಳು ನಿಂತುಹೋದಾಗ, ಚೆಂಬೂರು ಮತ್ತು ವಡಾಲ ಕಡೆಯ ಜನರಿಗೆ ಉಳಿದದ್ದು ತಲೆಯ ಮೇಲೆ ಕಂಬಗಳ ಮೇಲೆ ಓಡುವ ಮೋನೊರೈಲು. 2014ರಲ್ಲಿ ದೇಶದ ಮೊದಲ ಮೋನೊರೈಲೆಂದು ಸಡಗರದಿಂದ ಶುರುವಾದ ಇದಕ್ಕೆ ಜನ ಹತ್ತುವುದಿಲ್ಲ ಎಂಬ ದೂರೇ ಹಳೆಯದು. ಅಂದು ಮಾತ್ರ ಜನ ಮುಗಿಬಿದ್ದರು. ಸಂಜೆ ಆರೂಕಾಲರ ಸುಮಾರಿಗೆ ಮೈಸೂರು ಕಾಲನಿ ಮತ್ತು ಭಕ್ತಿ ಪಾರ್ಕ್ ನಿಲ್ದಾಣಗಳ ನಡುವೆ ಒಂದು ರೈಲು ನಿಂತಿತು. ಕರೆಂಟು ಹೋಯಿತು, ಏಸಿಯೂ ನಿಂತಿತು. ಇನ್ನೊಂದು ರೈಲು ತಂದು ಎಳೆದರೆ ಬರಲಿಲ್ಲ. ಒಳಗಿದ್ದವರು ಮಹಾನಗರ ಪಾಲಿಕೆಯ 1916 ಸಹಾಯವಾಣಿಗೆ ಫೋನು ಮಾಡಿದರು. ಅಗ್ನಿಶಾಮಕ ದಳದವರು ಎತ್ತರಕ್ಕೆ ಚಾಚುವ ಯಂತ್ರಗಳಿಂದ 582 ಮಂದಿಯನ್ನು ಇಳಿಸಿ ಮುಗಿಸುವಾಗ ಮೂರು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ಅದೇ ಸಂಜೆ ಆಚಾರ್ಯ ಅತ್ರೆ ನಗರದ ಬಳಿ ಸಿಕ್ಕಿಕೊಂಡ ಇನ್ನೊಂದು ರೈಲನ್ನು ವಡಾಲಕ್ಕೆ ಎಳೆತಂದು ಸುಮಾರು 200 ಜನರನ್ನು ಇಳಿಸಲಾಯಿತು. ಉಸಿರು ಕಟ್ಟಿ ಬಳಲಿದವರಿದ್ದರು. ಯಾರ ಜೀವಕ್ಕೂ ಎರವಾಗಲಿಲ್ಲ.

ಮೋನೊರೈಲು ನಡೆಸುವ ಮಹಾ ಮುಂಬಯಿ ಮೆಟ್ರೊ ನಿಗಮದಿಂದ ಪ್ರಕಟಣೆ ಬೇಗನೇ ಹೊರಬಿತ್ತು. ರೈಲಿನ ಭಾರಮಿತಿ 104 ಟನ್, ಜನದಟ್ಟಣೆಯಿಂದ ಅಂದು ಒಟ್ಟು ಭಾರ 109 ಟನ್ನಿನಷ್ಟಾಗಿತ್ತು, ಆ ಹೊರೆಗೆ ವಿದ್ಯುತ್ ಹಳಿಗೂ ರೈಲಿನಡಿಯ ಕರೆಂಟು ಪಡೆಯುವ ಭಾಗಕ್ಕೂ ನಡುವಣ ಸಂಪರ್ಕ ಕಡಿದುಹೋಯಿತು, ಎಳೆದೊಯ್ಯಲು ಆಗದಿದ್ದುದೂ ಅದೇ ಭಾರದಿಂದ. ಕಾರಣವನ್ನು ಅಂಕಿಗಳ ಸಮೇತ ಬಿಡಿಸಿಟ್ಟ ಪ್ರಕಟಣೆ ಇದು. ಸಾರ್ವಜನಿಕ ಸಂಪರ್ಕದ ತರಗತಿಯಲ್ಲಿ ಬರೆದಿದ್ದರೆ ಒಳ್ಳೆಯ ಅಂಕವೇ ಬೀಳುತ್ತಿತ್ತು. ಆದರೆ ಅದನ್ನು ಓದಿದವರಿಗೆ ಕೇಳಿಸಿದ್ದು ಒಂದೇ ಮಾತು: ತಪ್ಪು ಹತ್ತಿದವರದು. ಲೆಕ್ಕ ಬಲ್ಲವರಿಗೆ ಇನ್ನೊಂದು ತೊಡಕೂ ಕಂಡಿತು. ನಾಲ್ಕು ಬೋಗಿಯ ಈ ರೈಲು 560ರ ಆಸುಪಾಸಿನ ಜನರನ್ನು ಹೊರುತ್ತದೆ ಎಂದು ಮೊದಲಿನಿಂದ ಹೇಳಿಕೊಂಡು ಬಂದದ್ದು. ಇಳಿಸಿದ್ದು 582. ಹೆಚ್ಚಿಗೆ ಬಂದ ಇಪ್ಪತ್ತು ಚಿಲ್ಲರೆ ಜನ ಐದು ಟನ್ ತೂಗಬೇಕಾದರೆ ತಲೆಗೆ ಇನ್ನೂರು ಕಿಲೊ ಮೀರಬೇಕು! ಎಂಜಿನಿಯರುಗಳ ಬಳಿ ಇದಕ್ಕೆ ಉತ್ತರ ಇದ್ದೇ ಇರಬಹುದು. ಸಾಮರ್ಥ್ಯ ಲೆಕ್ಕ ಹಾಕುವಾಗ ಹಿಡಿಯುವ ಸರಾಸರಿ ತೂಕ ಬೇರೆ, ನೆನೆದ ಬಟ್ಟೆ, ಹೆಗಲ ಚೀಲದ ಸಹಿತ ಮನುಷ್ಯನ ತೂಕ ಬೇರೆ. ಆದರೆ ಟನ್ನುಗಳಿಗೂ ತಲೆಗಳಿಗೂ ತಾಳೆ ಹಾಕುವ ಕೆಲಸ ಓದುಗರ ಪಾಲಿಗೆ ಬಿತ್ತು. ತಾಳೆಯಾಗದಿದ್ದಾಗ ಜನ ಅಂಕಿಯನ್ನಷ್ಟೇ ಅಲ್ಲ, ಅಂಕಿ ಕೊಟ್ಟವರನ್ನೂ ಅನುಮಾನಿಸುತ್ತಾರೆ.

ಸಂಸ್ಥೆಗಳು ಸಂಕಟದ ಹೊತ್ತಿಗೆ ಮಾತಾಡುವುದಿಲ್ಲ ಎಂಬುದು ಹಳೆಯ ಆಕ್ಷೇಪ. ಈಗ ಅದು ಅಷ್ಟು ನಿಜವಲ್ಲ. ಎಕ್ಸ್ ಖಾತೆ, ವಾಟ್ಸಾಪ್ ಗುಂಪು, ವಕ್ತಾರ ಎಲ್ಲವೂ ಇವೆ, ಮಾತು ಬೇಗ ಬರುತ್ತದೆ. ಈಗಿನ ತೊಂದರೆ ಮಾತಿನ ಸರದಿಯಲ್ಲಿದೆ. ಸಂಕಟದಲ್ಲಿ ಸಿಕ್ಕವರಿಗೆ ಹೇಳಬೇಕಾದ್ದನ್ನು ಹೇಳುವ ಮೊದಲೇ, ನೋಡುತ್ತಿರುವವರಿಗೆ ವಿವರಣೆ ಕೊಡುವ ಆತುರ. ಆ ಸರದಿ ತಪ್ಪಿದರೆ ನಿಜವಾದ ವಿವರಣೆಯೂ ಆಪಾದನೆಯಂತೆ ಕೇಳಿಸುತ್ತದೆ.

ಸಾರ್ವಜನಿಕ ಸಂಪರ್ಕ (ಪಿಆರ್) ಎಂಬ ವೃತ್ತಿಯ ಚರಿತ್ರೆಯಲ್ಲಿ ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಹೆಸರಿಸುವುದೂ ಒಂದು ರೈಲು ದುರಂತದ ಕೂಸು. 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಪೆನ್ಸಿಲ್ವೇನಿಯಾ ರೈಲುಮಾರ್ಗದ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ಬಾಯಿಗೆ ಬೀಗ ಹಾಕುವುದು ಆ ಕಾಲದ ರೈಲ್ವೆ ಕಂಪನಿಗಳ ರೂಢಿ. ಕಂಪನಿಯ ಸಲಹೆಗಾರ ಐವಿ ಲೀ ಅದಕ್ಕೆ ತದ್ವಿರುದ್ಧವಾಗಿ ನಡೆದ. ತಿಳಿದಷ್ಟನ್ನು ಬರೆದು ಪತ್ರಿಕೆಗಳಿಗೆ ಹಂಚಿದ, ವರದಿಗಾರರನ್ನು ಸ್ಥಳಕ್ಕೇ ಕರೆದೊಯ್ಯುವ ಏರ್ಪಾಡು ಮಾಡಿದ. ಬಚ್ಚಿಡುವುದಕ್ಕಿಂತ ಬಿಚ್ಚಿಡುವುದೇ ಲಾಭ ಎಂಬ ಪಾಠವನ್ನು ವೃತ್ತಿ ಅಲ್ಲಿಂದ ಕಲಿಯಿತು. ಅದರ ಜೊತೆಗೇ ಒಂದು ಚಾಳಿಯನ್ನೂ ಕಲಿಯಿತು ಎನ್ನಬೇಕು: ಮಾತಾಡಬೇಕಾದ್ದು ಪತ್ರಿಕೆಯೊಂದಿಗೆ ಎಂಬ ಚಾಳಿ. ನೀರಿಗೆ ಬಿದ್ದ ರೈಲಿನ ಒಳಗಿನವರೊಡನೆ ಆಗ ಮಾತಾಡುವ ಸಾಧನವೇ ಇರಲಿಲ್ಲ. ಈಗ ಪ್ರತಿ ಬೋಗಿಯಲ್ಲೂ ಧ್ವನಿವರ್ಧಕವಿದೆ, ಪ್ರತಿ ಕೈಯಲ್ಲೂ ಫೋನಿದೆ. ಆದರೂ ಚಾಳಿ ಉಳಿದಿದೆ.

ಸಂಕಟಕಾಲದ ಸಂವಹನದ ಬಗ್ಗೆ ಬಹಳ ಕೆಲಸ ಮಾಡಿದ ಅಮೆರಿಕದ ವಿದ್ವಾಂಸ ಟಿಮೊತಿ ಕೂಂಬ್ಸ್ ಮಾತಿನ ಈ ಸರದಿಯನ್ನೇ ತನ್ನ ಸಿದ್ಧಾಂತದ ತಳಹದಿಯಾಗಿಸಿದ್ದಾನೆ. ಮೊದಲು, ಅಪಾಯದಿಂದ ಪಾರಾಗಲು ಜನ ಏನು ಮಾಡಬೇಕು ಎಂಬ ಸೂಚನೆ. ಆಮೇಲೆ, ಆದದ್ದನ್ನು ಅರಗಿಸಿಕೊಳ್ಳಲು ಬೇಕಾದ ಮಾಹಿತಿ ಮತ್ತು ಸಾಂತ್ವನ. ಸಂಸ್ಥೆಯ ಹೆಸರು ಉಳಿಸಿಕೊಳ್ಳುವ ಮಾತಿಗೆ ಎಲ್ಲಕ್ಕಿಂತ ಕೊನೆಯ ಸ್ಥಾನ. ಈ ವೃತ್ತಿಯವರು ಹೆಮ್ಮೆಯಿಂದ ಹೇಳಿಕೊಳ್ಳುವ ಟೈಲೆನಾಲ್ ಪ್ರಕರಣವನ್ನೇ ನೋಡಿ. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಸಯನೈಡ್ ಬೆರೆಸಿದ್ದ ಟೈಲೆನಾಲ್ ಕ್ಯಾಪ್ಸೂಲ್ ನುಂಗಿ ಏಳು ಜನ ಸತ್ತರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ಹಿಂದಕ್ಕೆ ತರಿಸಿತು. ಹೆಸರು ಉಳಿಸಿಕೊಂಡ ಕತೆಯೆಂದು ಪಠ್ಯಪುಸ್ತಕಗಳು ಇದನ್ನು ಹೇಳುತ್ತವೆ. ಆದರೆ ಕಂಪನಿ ಮೊದಲು ಹೇಳಿದ್ದು ಹೆಸರಿನ ಮಾತನ್ನಲ್ಲ, ಮಾತ್ರೆ ನುಂಗಬೇಡಿ ಎಂಬ ಎಚ್ಚರಿಕೆಯನ್ನು. ವಿಷ ಬೆರೆಸಿದ್ದು ತಾನಲ್ಲ ಎಂದು ವಾದಿಸಲು ಅದಕ್ಕೆ ಎಲ್ಲ ಹಕ್ಕೂ ಇತ್ತು. ಆ ವಾದ ಸರದಿಯಲ್ಲಿ ಹಿಂದೆ ನಿಂತದ್ದರಿಂದಲೇ ಜನ ಅದನ್ನು ಒಪ್ಪಿದರು.

ಸೂಚನೆ ತಡವಾದರೆ ಏನಾಗುತ್ತದೆಂದು ತಿಳಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಹೈಕೋರ್ಟಿಗೆ ರಾಜ್ಯ ಸರ್ಕಾರ ಕೊಟ್ಟ ವರದಿಯ ಪ್ರಕಾರ, ವಿಜಯೋತ್ಸವಕ್ಕೆ ಬನ್ನಿ ಎಂಬ, ಐಪಿಎಲ್ ಗೆದ್ದ ಕ್ರಿಕೆಟ್ ತಂಡ ಆರ್‌ಸಿಬಿಯ ಕರೆ ಬೆಳಿಗ್ಗೆಯಿಂದಲೇ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತ್ತು. ಒಳಹೋಗಲು ಪಾಸು ಬೇಕು, ಅದೂ ಸೀಮಿತ ಸಂಖ್ಯೆಯಲ್ಲಿದೆ ಎಂಬ ಮಾತು ಬಂದದ್ದು ಮಧ್ಯಾಹ್ನ ಮೂರರ ಮೇಲೆ. ಕರೆಯುವ ಮಾತು ಮೊದಲು, ತಡೆಯುವ ಮಾತು ಕೊನೆಗೆ! ಈ ವರದಿ ಕೊಟ್ಟ ಸರ್ಕಾರ ತಾನೂ ಅದೇ ದಿನ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಏರ್ಪಡಿಸಿತ್ತು ಎಂಬುದನ್ನು ಮರೆಯುವಂತಿಲ್ಲ. ಮುಂದೆ ಆರ್‌ಸಿಬಿಯ ಜಾಲತಾಣ ಖಾತೆಗಳು ಸುಮಾರು ಮೂರು ತಿಂಗಳು ಮೌನವಾಗಿದ್ದು, ಆಗಸ್ಟ್ ಕೊನೆಗೆ ಬಾಯಿ ತೆರೆದವು. ಮೃತರ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಪ್ರಕಟವಾಯಿತು. ಆ ಮೌನ ಸರಿಯೇ ತಪ್ಪೇ ಎಂದು ಪಿಆರ್ ವಲಯದಲ್ಲಿ ಚರ್ಚೆಯಾಗುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಜೂನ್ 4ರ ಬೆಳಗಿನ ಆ ಕೆಲವು ಗಂಟೆಗಳು. ಪ್ರಚಾರದ ಮಾತೇ ಅಂದು ಜನರನ್ನು ಬೀದಿಗೆ ತರುತ್ತಿತ್ತು, ಮತ್ತು ಅದನ್ನು ಬರೆಯುವವರ ಪಕ್ಕದಲ್ಲಿ ಗೇಟು ಕಾಯುವವರು ಯಾರೂ ಕೂತಿದ್ದಂತೆ ಕಾಣುವುದಿಲ್ಲ.

ಮೊದಲು ಸೂಚನೆ ಎಂಬ ಈ ವಾದಕ್ಕೆ ಎಂಜಿನಿಯರುಗಳ ಕಡೆಯಿಂದ ಬರುವ ಉತ್ತರ ನೇರವಾದದ್ದು: ರೈಲು ನಿಂತಾಗ ಜನರನ್ನು ಇಳಿಸುವುದು ಕೆಲಸ, ಮಾತಾಡುತ್ತ ಕೂರುವುದಲ್ಲ. ಕೇಳಲು ಸರಿಯೆನಿಸುತ್ತದೆ. ಆದರೆ ಕತ್ತಲ ಬೋಗಿಯಲ್ಲಿ ಸಿಕ್ಕವನಿಗೆ ಏನೂ ಗೊತ್ತಾಗದಿದ್ದರೆ ಅವನು ಸುಮ್ಮನಿರುವುದಿಲ್ಲ. ಬಾಗಿಲು ತಳ್ಳುತ್ತಾನೆ, ಗಾಜು ಒಡೆಯುತ್ತಾನೆ, ಎಲ್ಲರೂ ಒಂದೇ ಕಡೆ ನೂಕುತ್ತಾರೆ. ಏಣಿ ಯಾವ ಬಾಗಿಲಿಗೆ ಬರುತ್ತದೆ, ಮೊದಲು ಯಾರು ಇಳಿಯಬೇಕು, ಇನ್ನೆಷ್ಟು ಹೊತ್ತು ಎಂದು ಹೇಳುವುದು ರಕ್ಷಣಾ ಕಾರ್ಯದ್ದೇ ಒಂದು ಭಾಗ. ಮುಂಬಯಿಯ ಆ ಸಂಜೆ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಎಕ್ಸ್‌ನಲ್ಲಿ, ಯಾರೂ ಗಾಬರಿಯಾಗಬೇಡಿ, ಎಲ್ಲರನ್ನೂ ಸುರಕ್ಷಿತವಾಗಿ ಇಳಿಸುತ್ತಾರೆ ಎಂದು ಬರೆದರು, ತನಿಖೆಯನ್ನೂ ಪ್ರಕಟಿಸಿದರು. ಒಳ್ಳೆಯದೇ. ಆದರೆ ಧೈರ್ಯದ ಮಾತು ಸಚಿವಾಲಯದಿಂದ ಮೊಬೈಲಿಗೆ ಬಂದು ಅಲ್ಲಿಂದ ಬೋಗಿಗೆ ತಲುಪಬೇಕಾದ ಸ್ಥಿತಿ ಬಂದರೆ, ನಡುವಿನ ವ್ಯವಸ್ಥೆ ಎಲ್ಲಿ ಹೋಯಿತು ಎಂದು ಕೇಳಬೇಕಾಗುತ್ತದೆ.

ವಕೀಲರ ಆಕ್ಷೇಪ ಬೇರೆ ಬಗೆಯದು, ಹೆಚ್ಚು ಗಟ್ಟಿಯಾದದ್ದು. ಕಾರಣ ಖಚಿತವಾಗುವ ಮೊದಲೇ ಬಾಯಿ ಬಿಟ್ಟರೆ ನಾಳೆ ಅದೇ ಮಾತು ಕೋರ್ಟಿನಲ್ಲಿ ಎದುರು ನಿಲ್ಲುತ್ತದೆ, ತಪ್ಪು ಮಾಹಿತಿ ಗಾಬರಿಯನ್ನೂ ಹಬ್ಬಿಸುತ್ತದೆ. ಈ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಸೂಚನೆ ಕೊಡಲು ಕಾರಣ ತಿಳಿದಿರಬೇಕಾಗಿಲ್ಲ. ಕರೆಂಟು ಹೋಗಿದೆ, ಅಗ್ನಿಶಾಮಕ ದಳ ಹೊರಟಿದೆ, ಹತ್ತು ನಿಮಿಷಕ್ಕೊಮ್ಮೆ ಹೇಳುತ್ತೇವೆ ಎಂಬ ಮಾತು ಯಾವ ಕೋರ್ಟಿನಲ್ಲೂ ತಪ್ಪೊಪ್ಪಿಗೆ ಆಗದು. ಅಪಾಯವಿರುವುದು ಕಾರಣ ಹೇಳುವುದರಲ್ಲಿ. ವಿಚಿತ್ರವೆಂದರೆ ಸಂಸ್ಥೆಗಳು ಅಳುಕದೆ ಮೊದಲು ಹೇಳುವುದು ಅದನ್ನೇ, ಅದರಲ್ಲೂ ಕಾರಣ ತಮ್ಮ ಹೊಸ್ತಿಲಿನ ಆಚೆಗೆ ಇದ್ದಾಗ.

ಹಾಗಾದರೆ ಭಾರ ಹೆಚ್ಚಾದದ್ದು ನಿಜವೇ ಆಗಿದ್ದರೆ ಹೇಳಬಾರದೇ? ಹೇಳಬೇಕು, ಆದರೆ ಪೂರ್ತಿ ಹೇಳಬೇಕು. ಮೋನೊರೈಲಿನ ನಿಲ್ದಾಣವೂ ಗೇಟೂ ಟಿಕೆಟ್ಟೂ ನಿಗಮದ್ದೇ. ಲೋಕಲ್ ನಿಂತ ಸುದ್ದಿ ಬೆಳಿಗ್ಗೆ ಹನ್ನೊಂದೂವರೆಯೊಳಗೆ ಇಡೀ ಊರಿಗೆ ಗೊತ್ತಾಗಿತ್ತು. ಸಂಜೆಗೆ ಜನ ಎಲ್ಲಿಗೆ ನುಗ್ಗುತ್ತಾರೆಂದು ಊಹಿಸಲು ಜ್ಯೋತಿಷ್ಯ ಬೇಕಿರಲಿಲ್ಲ. ಜನದಟ್ಟಣೆಯ ಜೊತೆಗೆ ದಟ್ಟಣೆಯನ್ನು ತಡೆಯದ ಹೊಣೆಯೂ ಒಂದೇ ವಾಕ್ಯದಲ್ಲಿ ಬಂದಿದ್ದರೆ ಓದಿದವರ ಸಿಟ್ಟು ಅರ್ಧವಾದರೂ ಇಳಿಯುತ್ತಿತ್ತು. ಆಮೇಲೆ ಇಬ್ಬರು ಅಧಿಕಾರಿಗಳು ಅಮಾನತಾದರು, ಭಾರ ಮಿತಿ ದಾಟದಂತೆ ಹತ್ತುವವರನ್ನು ನಿಯಂತ್ರಿಸಲು ಸಿಬ್ಬಂದಿಯನ್ನು ನಿಲ್ಲಿಸಲಾಯಿತು. ತಡೆಯುವುದು ಸಾಧ್ಯವಿತ್ತು ಎಂದು ಆ ಕ್ರಮಗಳೇ ಹೇಳಿದವು. ಒಂದು ತಿಂಗಳೊಳಗೆ, ಸೆಪ್ಟೆಂಬರ್ 15ರ ಬೆಳಿಗ್ಗೆ, ವಡಾಲದ ಆಂಟೊಪ್ ಹಿಲ್ ಬಳಿ ಮತ್ತೊಂದು ರೈಲು ನಿಂತಿತು. ಅದರಲ್ಲಿದ್ದವರು 17 ಜನ. ಆ ದಿನದ ದೋಷಕ್ಕೂ ಆಗಸ್ಟಿನ ದೋಷಕ್ಕೂ ಸಂಬಂಧ ಇಲ್ಲದಿರಬಹುದು, ಎರಡು ಪ್ರಕಟಣೆಗಳೂ ತಮ್ಮ ಮಟ್ಟಿಗೆ ನಿಜವಿರಬಹುದು. ಆದರೆ 109 ಟನ್ನಿನ ಕತೆಯನ್ನು ಅರ್ಧ ನಂಬಿದ್ದವರು ಆ 17 ಎಂಬ ಅಂಕಿ ಕಂಡಮೇಲೆ ಉಳಿದರ್ಧವನ್ನೂ ಕೈಬಿಟ್ಟರೆ ಯಾರನ್ನು ದೂರುವುದು?

ನಿಗಮಕ್ಕೆ ಸರಿಯಾಗಿ ಹೇಳಲು ಬರುವುದಿಲ್ಲ ಎಂದೇನೂ ಅಲ್ಲ. ಸೆಪ್ಟೆಂಬರ್ 20ರಿಂದ ಸೇವೆ ನಿಲ್ಲಿಸುವುದನ್ನು ಅದು ಕೆಲವು ದಿನ ಮೊದಲೇ ತಿಳಿಸಿತು. ಹೊಸ ರೈಲುಗಳೂ ಹೊಸ ಸಿಗ್ನಲ್ ವ್ಯವಸ್ಥೆಯೂ ಬರುತ್ತಿವೆ, ಬೆಳಿಗ್ಗೆಯಿಂದ ರಾತ್ರಿವರೆಗೆ ರೈಲು ಓಡಿದರೆ ಜೋಡಣೆಯ ಕೆಲಸಕ್ಕೆ ಉಳಿಯುವುದು ಮೂರೂವರೆ ಗಂಟೆ ಮಾತ್ರ ಎಂದು ಕಾರಣವನ್ನೂ ಬಿಡಿಸಿತು. ಮುಂಗಡ ಸೂಚನೆ, ಅರ್ಥವಾಗುವ ಲೆಕ್ಕ, ಯಾರ ಮೇಲೂ ಗೂಬೆ ಕೂರಿಸದ ಮಾತು. ಮರಳಿ ಶುರುವಾಗುವ ದಿನ ಮಾತ್ರ ಅದರಲ್ಲಿರಲಿಲ್ಲ. ನವೆಂಬರ್ 5ರಂದು ವಡಾಲದಲ್ಲಿ ಪರೀಕ್ಷಾ ಓಟದ ವೇಳೆ ಒಂದು ರೈಲು ತೊಲೆಯ ಮೇಲೆ ಜಾರಿ ಮುಂಭಾಗ ವಾಲಿ ನಿಂತಾಗ ಹಳೆಯ ದನಿ ಮರಳಿತು. ಅದು ಸಣ್ಣ ಘಟನೆ ಎಂದಿತು ನಿಗಮ. ಪರೀಕ್ಷೆ ಇರುವುದೇ ದೋಷ ಹಿಡಿಯಲು, ಪ್ರಯಾಣಿಕರಂತೂ ಯಾರೂ ಇರಲಿಲ್ಲ, ಹಾಗಾಗಿ ತಾಂತ್ರಿಕವಾಗಿ ಅದು ಸರಿಯಾದ ಮಾತೇ ಇರಬಹುದು. ಆದರೆ ಗಾಳಿಯಲ್ಲಿ ವಾಲಿದ ಬೋಗಿಯ ಚಿತ್ರ ಎಲ್ಲರ ಫೋನಿನಲ್ಲಿದ್ದಾಗ, ಕಣ್ಣಿಗೆ ಕಂಡದ್ದಕ್ಕಿಂತ ಚಿಕ್ಕ ಮಾತು ನಂಬಿಕೆಯನ್ನು ಉಳಿಸುವುದಿಲ್ಲ.

ಈ ವೃತ್ತಿಯ ಅಳತೆಗೋಲೂ ಬದಲಾಗಬೇಕಾಗಿದೆ. ಪತ್ರಿಕೆಯಲ್ಲಿ ಎಷ್ಟು ಸೆಂಟಿಮೀಟರ್ ಸುದ್ದಿ ಬಂತು, ಪೋಸ್ಟಿಗೆ ಎಷ್ಟು ಲೈಕು ಬಿತ್ತು ಎಂದು ಲೆಕ್ಕ ಇಡುವ ಕಚೇರಿಗಳು ಬೇಕಾದಷ್ಟಿವೆ. ನಿಂತ ರೈಲಿನೊಳಗೆ ಎಷ್ಟು ನಿಮಿಷಕ್ಕೆ ಮೊದಲ ಮಾತು ಕೇಳಿಸಿತು ಎಂಬ ಲೆಕ್ಕ ಯಾರ ಕಡತದಲ್ಲಿದೆ? ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಮೇಲೆ ನಯವಾದ ಪ್ರಕಟಣೆ ಬರೆಯುವುದು ಅರ್ಧ ನಿಮಿಷದ ಕೆಲಸ. ಅದೇ ತಂತ್ರಾಂಶಗಳಿಂದ ಸುಳ್ಳು ಚಿತ್ರ, ಸುಳ್ಳು ದನಿ ತಯಾರಿಸುವುದೂ ಅಷ್ಟೇ ಸುಲಭ. ಮರಾಠಿ, ತಮಿಳು, ಕನ್ನಡ, ಕೊಂಕಣಿ, ಹಿಂದಿ ಆಡುವವರು ಒಂದೇ ಬೀದಿಯಲ್ಲಿರುವ ವಡಾಲದಂಥ ಕಡೆ ಗಾಳಿಸುದ್ದಿ ಪ್ರತಿ ಮನೆಯನ್ನೂ ಅದರದೇ ಭಾಷೆಯಲ್ಲಿ ಮುಟ್ಟುತ್ತದೆ, ಅಧಿಕೃತ ಮಾತು ಕಚೇರಿಯ ಭಾಷೆಯಲ್ಲಿ ಹಿಂದೆ ಉಳಿಯುತ್ತದೆ. ಇಂಥಲ್ಲಿ ಪಿಆರ್‌ಒಗೆ ಒಳ್ಳೆಯ ಬರವಣಿಗೆಗಿಂತ ಕಂಟ್ರೋಲ್ ರೂಮಿನಲ್ಲಿ ಒಂದು ಕುರ್ಚಿ ಬೇಕು, ಕರೆಂಟು ಹೋದರೂ ಬ್ಯಾಟರಿಯ ಮೇಲೆ ಕೆಲಸ ಮಾಡುವ ಮೈಕು ಬೇಕು, ಮೇಲಧಿಕಾರಿಯ ಸಹಿಗೆ ಕಾಯದೆ ಮೊದಲ ಮೂರು ವಾಕ್ಯ ಹೇಳುವ ಅಧಿಕಾರ ಬೇಕು. ಬೆಂಕಿ, ಭೂಕಂಪಗಳ ಅಣಕು ಕಾರ್ಯಾಚರಣೆಗಳಲ್ಲಿ ಅಗ್ನಿಶಾಮಕ ದಳ, ಪೊಲೀಸರು, ವೈದ್ಯರು ಎಲ್ಲರೂ ಇರುತ್ತಾರೆ. ಮುಗಿದ ಮೇಲೆ ಪ್ರಕಟಣೆ ಬರೆಯಲು ಪಿಆರ್‌ಒ ಬರುತ್ತಾನೆ. ಹೊಸ ರೈಲುಗಳ ಪರೀಕ್ಷೆಯಲ್ಲಿ ಒಂದು ಸಲ ಅವನನ್ನೂ ಬೋಗಿಯೊಳಗೆ ಕೂರಿಸಿ, ಏಸಿ ಆರಿಸಿ, ಹೊರಗಿನಿಂದ ಅವನಿಗೆ ಏನು ಕೇಳಿಸುತ್ತದೆ, ಎಷ್ಟು ಹೊತ್ತಿಗೆ ಕೇಳಿಸುತ್ತದೆ ಎಂದು ಬರೆದುಕೊಂಡು ಬರಲು ಹೇಳಬಹುದು.